ಸಸಿ ನೆಟ್ಟರೆ ಸಾಲದು, ಎರಡು ಬೇಸಿಗೆ ದಾಟಿಸಬೇಕು

ಮಳೆಗಾಲ ಬಂತೆಂದರೆ ಗಿಡ ನೆಡುವವರಿಗೆ ಕೊರತೆಯಿಲ್ಲ. ಏಪ್ರಿಲ್‌ನಲ್ಲಿ ಅದೇ ಜಾಗಕ್ಕೆ ಹೋಗಿ ನೋಡಿದರೆ ಒಣಗಿದ ಕಡ್ಡಿಯೊಂದು ನಿಂತಿರುತ್ತದೆ.

ಕೆಲವು ವರ್ಷಗಳ ಹಿಂದೆ ನಾನು ಕಲಿಸುತ್ತಿದ್ದ ಶಾಲೆಯೊಂದರಲ್ಲಿ ಇಪ್ಪತ್ತು ಬೇವಿನ ಸಸಿ ನೆಟ್ಟೆವು. ಫೋಟೊ ತೆಗೆಸಿಕೊಂಡೆವು. ಯಾವ ಸಸಿಗೆ ಯಾರು ನೀರು ಹಾಕಬೇಕೆಂದು ಮಾತ್ರ ಗೊತ್ತುಮಾಡಲಿಲ್ಲ. ಬೇಸಿಗೆ ಮುಗಿಯುವಾಗ ಒಂದೇ ಸಸಿ ಉಳಿದಿತ್ತು. ಅದು ಹೆಣ್ಣುಮಕ್ಕಳು ಊಟದ ಡಬ್ಬಿ ತೊಳೆಯುವ ನಳದ ಪಕ್ಕದ್ದು!

ನೆಟ್ಟ ಗಿಡದಿಂದ ಮನುಷ್ಯ, ಪ್ರಾಣಿ, ಪಕ್ಷಿಗಳು ತಿಂದುದೆಲ್ಲವೂ ನೆಟ್ಟವರ ಪಾಲಿಗೆ ದಾನವಾಗುತ್ತದೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಆದರೆ ಗಿಡ ಬದುಕಿದರೆ ತಾನೇ ಹಕ್ಕಿಗೆ ಹಣ್ಣು?

ಮಾಗಡಿ ತಾಲೂಕಿನ ಹುಲಿಕಲ್‌ನ ಸಾಲುಮರದ ತಿಮ್ಮಕ್ಕನವರನ್ನು ನೆನೆಯಿರಿ. ಮಕ್ಕಳಿಲ್ಲದ ಆ ದಂಪತಿ ರಸ್ತೆ ಬದಿಯಲ್ಲಿ ಆಲದ ಸಸಿಗಳನ್ನು ನೆಟ್ಟು, ಕೊಡದಲ್ಲಿ ನೀರು ಹೊತ್ತು, ಮುಳ್ಳಿನ ಬೇಲಿ ಕಟ್ಟಿ ಸಾಕಿದರು. 2025ರ ನವೆಂಬರ್‌ನಲ್ಲಿ ಅವರು ತೀರಿಕೊಂಡರು. ಮರಗಳು ನೆರಳು ಕೊಡುತ್ತಲೇ ಇವೆ. ಅಂಕೋಲಾ ತಾಲೂಕಿನ ಹೊನ್ನಳ್ಳಿಯ ತುಳಸಿ ಗೌಡರು ಶಾಲೆ ಕಂಡವರಲ್ಲ. ಅರಣ್ಯ ಇಲಾಖೆಯ ನರ್ಸರಿಯಲ್ಲಿ ಸಸಿ ಬೆಳೆಸುತ್ತಲೇ ಜೀವನ ಸವೆಸಿದರು. ಪದ್ಮಶ್ರೀ ಅವರನ್ನು ಹುಡುಕಿಕೊಂಡು ಬಂತು. 2024ರ ಡಿಸೆಂಬರ್‌ನಲ್ಲಿ ಅವರೂ ಅಗಲಿದರು. ಇಬ್ಬರನ್ನೂ ದೊಡ್ಡವರನ್ನಾಗಿ ಮಾಡಿದ್ದು ನೆಟ್ಟ ನಂತರದ ಆರೈಕೆ.

ನಮ್ಮ ಶಲವಡಿಯದು ಎರೆ ನೆಲ. ಮಳೆಗಾಲದಲ್ಲಿ ನೀರು ನಿಂತು ಬೇರು ಕೊಳೆಯುತ್ತದೆ, ಬೇಸಿಗೆಯಲ್ಲಿ ನೆಲ ಬಿರಿದು ಎಳೆ ಬೇರು ಹರಿಯುತ್ತದೆ. ಆದ್ದರಿಂದ ಸಹೋದರಿಯರೇ, ಇಷ್ಟು ಮಾಡಿ:

* ಒಂದೂವರೆ ಅಡಿ ಆಳ, ಅಷ್ಟೇ ಅಗಲದ ಗುಂಡಿ ತೋಡಿ. ಮಣ್ಣಿಗೆ ಹಳೆಯ ತಿಪ್ಪೆಗೊಬ್ಬರ, ಸ್ವಲ್ಪ ಮರಳು ಬೆರೆಸಿ. ಹಸಿ ಸಗಣಿ ಬೇಡ.
* ಪ್ಲಾಸ್ಟಿಕ್ ಚೀಲವನ್ನು ಪೂರ್ತಿ ಹರಿದು ತೆಗೆಯಿರಿ. ಬೇರಿನ ಮಣ್ಣುಂಡೆ ಒಡೆಯಬಾರದು. ಬುಡ ಸ್ವಲ್ಪ ಎತ್ತರದಲ್ಲಿರಲಿ.
* ದೊಡ್ಡ ಮರವಾಗುವ ಬೇವು, ಹುಣಸೆಯನ್ನು ಗೋಡೆಗೆ ತಾಗಿ ನೆಡಬೇಡಿ. ಅಂಗಳ ಚಿಕ್ಕದಾದರೆ ನುಗ್ಗೆ, ಕರಿಬೇವು, ಪೇರಲ, ಲಿಂಬೆ ಸಾಕು.
* ಸಸಿಯ ಪಕ್ಕ ಹಳೆಯ ಮಣ್ಣಿನ ಗಡಿಗೆಯನ್ನು ಕುತ್ತಿಗೆಯವರೆಗೆ ಹೂತು ನೀರು ತುಂಬಿಸಿ. ನೀರು ನಿಧಾನವಾಗಿ ಜಿನುಗಿ ಬೇರಿಗೆ ತಲಪುತ್ತದೆ. ಸೊಳ್ಳೆಯಾಗದಂತೆ ಬಾಯಿ ಮುಚ್ಚಿಡಿ.
* ಬೇಸಿಗೆಗೆ ಮೊದಲು ಬುಡದ ಸುತ್ತ ಹೊಟ್ಟು, ಒಣ ಎಲೆ ಹರಡಿ. ಬಿರುಕು ಕಂಡರೆ ಮಣ್ಣು ತುಂಬಿ.
* ಆಡುಗಳಿಗೆ ಸಿಗದಂತೆ ಜಾಲಿ ಮುಳ್ಳು ಕಟ್ಟಿ.

ನೀರಿಲ್ಲ ಎನ್ನುವ ಮಾತು ನಮ್ಮಲ್ಲಿ ಸುಳ್ಳಲ್ಲ. ಆದರೆ ವುಝೂ ಮಾಡಿದ ನೀರು, ಅಕ್ಕಿ, ತರಕಾರಿ ತೊಳೆದ ನೀರು ದಿನವೂ ಚರಂಡಿಗೆ ಹೋಗುತ್ತದೆ. ಒಂದು ಬಕೆಟ್ ಇಟ್ಟು ಹಿಡಿದರೆ ಎರಡು ಸಸಿಗಳು ಬದುಕುತ್ತವೆ. ಸಾಬೂನು ನೀರು ಮಾತ್ರ ಬೇಡ.

ಕೊನೆಯದೊಂದು ಮಾತು. ಒಂದೊಂದು ಸಸಿಯನ್ನು ಮನೆಯ ಒಂದೊಂದು ಮಗುವಿಗೆ ಒಪ್ಪಿಸಿ. ಎಲ್ಲರದು ಎಂದ ಸಸಿ ಯಾರದೂ ಆಗುವುದಿಲ್ಲ. ಹತ್ತು ನೆಟ್ಟು ಮರೆಯುವುದಕ್ಕಿಂತ ಒಂದನ್ನು ನೆಟ್ಟು ಎರಡು ಬೇಸಿಗೆ ಕಾಯುವುದೇ ಮೇಲು. ಆಮೇಲೆ ಅದು ನಿಮ್ಮನ್ನೂ ನಿಮ್ಮ ಮೊಮ್ಮಕ್ಕಳನ್ನೂ ಬಿಸಿಲಿನಿಂದ ಕಾಯುತ್ತದೆ.