ತಳದಲ್ಲಿ ನಿಂತ ನೀರು

2019ನೆಯ ಇಸವಿಯ ಆಷಾಢ ಮಾಸ. ಪುನರ್ವಸು ಮಳೆ ಬಿಡದೆ ಸುರಿಯುತ್ತಿದ್ದ ಒಂದು ಬೆಳಗಿನ ಜಾವ ತೀರ್ಥಹಳ್ಳಿಯ ಕಡೆಯ ನಮ್ಮ ಹಳ್ಳಿಯಿಂದ ಹಾಲಿನ ಕ್ಯಾನುಗಳನ್ನು ಹೊತ್ತು ಹೊರಟ ನೆರೆಮನೆಯ ಗೌಡರ ಪಿಕಪ್ ವಾಹನ ಊರಾಚೆಯ ಏರಿನಲ್ಲಿ ನಿಂತುಬಿಟ್ಟಿತು. ಪೇಟೆಯಲ್ಲಿ ಕೆಲಸವಿದ್ದುದರಿಂದ ನಾನೂ ಅದರಲ್ಲಿ ಕುಳಿತಿದ್ದೆ. ಅದು ಇಪ್ಪತ್ತು ವರ್ಷಗಳಿಗೂ ಮಿಕ್ಕಿ ದುಡಿದ ಹಳೆಯ ಡೀಸೆಲ್ ಗಾಡಿ. ನಾಲ್ಕು ದಿನಗಳಿಂದ ಬೆಳಗಿನ ಹೊತ್ತು ಚಾಲೂ ಆಗಲು ಹಟ ಮಾಡುತ್ತಿತ್ತು. ಚಾಲೂ ಆದರೂ ಬಿಳಿಯ ಹೊಗೆಯನ್ನು ಉಗುಳುತ್ತಿತ್ತು. ಏರು ಬಂದರೆ ಶಕ್ತಿಗುಂದಿ ನಡುಗುತ್ತಿತ್ತು. ಗೌಡರು ಅದನ್ನು ಮಳೆಗಾಲದ ಜಡವೆಂದು ಭಾವಿಸಿ ಅಲಕ್ಷ್ಯ ಮಾಡಿದ್ದರು.

ಬದಲಿ ವಾಹನ ದೊರೆತು ನಾವು ಹಾಲಿನ ಕೇಂದ್ರವನ್ನು ಮುಟ್ಟುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಹಾಲು ಹುಳಿಯ ವಾಸನೆ ಹಿಡಿದಿತ್ತು. ಹದಿನೆಂಟು ಮನೆಗಳ ಒಂದು ದಿನದ ದುಡಿಮೆ ನೀರುಪಾಲಾಯಿತು.

“ಇದು ಬಂಕಿನವನ ಕೆಲಸ. ಡೀಸೆಲ್ಲಿಗೆ ನೀರು ಬೆರೆಸಿದ್ದಾನೆ. ಅವನನ್ನು ಸುಮ್ಮನೆ ಬಿಡುವುದಿಲ್ಲ” ಎಂದು ಗೌಡರು ಕುದಿದರು. ಆಗಲೇ ಬಂಕಿಗೆ ಫೋನು ಮಾಡಿ ನಾಲ್ಕು ಕಟುವಾದ ಮಾತುಗಳನ್ನೂ ಆಡಿದರು.

ಸಂಜೆ ಬಂದ ವೃದ್ಧ ಮೇಸ್ತ್ರಿ ಎಲ್ಲವನ್ನೂ ಸಮಾಧಾನದಿಂದ ಕೇಳಿ, “ಗೌಡರೇ, ಮೊದಲು ಒಂದು ಗಾಜಿನ ಬಾಟಲಿ ತನ್ನಿ. ಯಾರ ತಪ್ಪೆಂದು ಆಮೇಲೆ ನೋಡೋಣ” ಎಂದನು.

ಆ ಬಾಟಲಿ ಹೇಳಿದ ಸಂಗತಿಯನ್ನು ಅರಿಯಬೇಕಾದರೆ, ಡೀಸೆಲ್ ಎಂಜಿನು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ನಾವು ಸಂಕ್ಷೇಪವಾಗಿಯಾದರೂ ತಿಳಿದಿರಬೇಕು. ಪೆಟ್ರೋಲ್ ಎಂಜಿನಿನಲ್ಲಿ ಇಂಧನವನ್ನು ಹೊತ್ತಿಸಲು ವಿದ್ಯುತ್ತಿನ ಕಿಡಿ ಬೇಕು. ಡೀಸೆಲ್ ಎಂಜಿನಿನಲ್ಲಿ ಕಿಡಿಯಿಲ್ಲ. ಅದರ ಉರುಳೆಯೊಳಗೆ ಬರಿಯ ಗಾಳಿಯನ್ನು ತುಂಬಿ, ಅದನ್ನು ಹಳೆಯ ಗಾಡಿಗಳಲ್ಲಿ ಸುಮಾರು ಇಪ್ಪತ್ತರಲ್ಲಿ ಒಂದು ಪಾಲಿನಷ್ಟು ಜಾಗಕ್ಕೆ ಅದುಮಲಾಗುತ್ತದೆ. ಸೈಕಲ್ ಚಕ್ರಕ್ಕೆ ಗಾಳಿ ಹಾಕುವಾಗ ಪಂಪಿನ ತುದಿ ಬಿಸಿಯಾಗುವುದನ್ನು ನೀವು ಬಲ್ಲಿರಿ. ಹಾಗೆಯೇ ಇಲ್ಲಿ ಅದುಮಲ್ಪಟ್ಟ ಗಾಳಿಯ ಉಷ್ಣತೆ 500 ಡಿಗ್ರಿ ಸೆಲ್ಸಿಯಸ್ಸಿಗೂ ಮೇಲೇರುತ್ತದೆ. ಆ ಕ್ಷಣದಲ್ಲಿ ಡೀಸೆಲ್ಲನ್ನು ಮಂಜಿನ ಹಾಗೆ ಒಳಗೆ ಸಿಂಪಡಿಸಿದರೆ ಅದು ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಜರ್ಮನಿಯ ಎಂಜಿನಿಯರ್ ರುಡಾಲ್ಫ್ ಡೀಸೆಲ್ 1892ರಲ್ಲಿ ಈ ತತ್ತ್ವಕ್ಕೆ ಪೇಟೆಂಟು ಕೋರಿ, 1897ರಲ್ಲಿ ಔಗ್ಸ್‌ಬರ್ಗ್ ನಗರದಲ್ಲಿ ಅದನ್ನು ಯಶಸ್ವಿಯಾಗಿ ನಡೆಸಿ ತೋರಿಸಿದನು. ಆದರೆ ಅವನ ಎಂಜಿನು ಇಂಧನವನ್ನು ಒಳಗೆ ಊದಲು ಭಾರವಾದ ಗಾಳಿಯಂತ್ರವನ್ನು ಅವಲಂಬಿಸಿತ್ತು. 1927ರಲ್ಲಿ ರಾಬರ್ಟ್ ಬಾಷ್‌ನ ಕಾರ್ಖಾನೆ ಇಂಧನವನ್ನೇ ಒತ್ತಿ ಚಿಮ್ಮಿಸುವ ಸಣ್ಣ ಪಂಪುಗಳನ್ನು ಮಾರುಕಟ್ಟೆಗೆ ತಂದ ಮೇಲೆ, ರಸ್ತೆಯ ಮೇಲೆ ಓಡುವ ವಾಹನಗಳಲ್ಲಿ ಡೀಸೆಲ್ ಎಂಜಿನು ವ್ಯಾಪಕವಾಗಲು ದಾರಿಯಾಯಿತು. 1951ರಲ್ಲಿ ಬೆಂಗಳೂರಿನಲ್ಲಿ ಪ್ರಾರಂಭವಾದ ಮೈಕೋ ಕಾರ್ಖಾನೆ ಇಂತಹ ಪಂಪುಗಳನ್ನು ನಮ್ಮ ನಾಡಿನಲ್ಲಿಯೇ ತಯಾರಿಸಿತು. ಇಂದಿಗೂ ಅನೇಕ ಮೇಸ್ತ್ರಿಗಳು ಅದನ್ನು ‘ಮೈಕೋ ಪಂಪು’ ಎಂದೇ ಕರೆಯುತ್ತಾರೆ.

ಈ ಪಂಪು ಗಾಡಿಯ ಬಹು ಸೂಕ್ಷ್ಮವಾದ ಅಂಗ. ಅದರೊಳಗಿನ ಕೊಂತ ಮತ್ತು ಅದು ಚಲಿಸುವ ಕೊಳವೆ, ಇವುಗಳ ನಡುವೆ ಇರುವ ಸಂದು ಒಂದು ಮಿಲಿಮೀಟರಿನ ಸಾವಿರದಲ್ಲಿ ಕೆಲವೇ ಪಾಲು. ನಮ್ಮ ತಲೆಗೂದಲು ಅದಕ್ಕಿಂತ ಎಷ್ಟೋ ಪಟ್ಟು ದಪ್ಪ. ಅಷ್ಟು ಕಿರಿದಾದ ಸಂದಿನಲ್ಲಿ ಲೋಹಕ್ಕೆ ಲೋಹ ಉಜ್ಜದಂತೆ ಕಾಪಾಡುವುದು ಬೇರೆ ಯಾವ ಎಣ್ಣೆಯೂ ಅಲ್ಲ, ಡೀಸೆಲ್ಲೇ. ಡೀಸೆಲ್ಲಿಗೆ ತನ್ನದೇ ಆದ ಜಿಡ್ಡಿದೆ, ನೀರಿಗೆ ಅದಿಲ್ಲ. ಆದುದರಿಂದ ಡೀಸೆಲ್ಲಿನ ಜೊತೆಗೆ ನೀರು ಒಳಹೊಕ್ಕರೆ ಕೊಂತ ಸವೆಯುತ್ತದೆ, ತುಕ್ಕು ಹಿಡಿಯುತ್ತದೆ, ಕೊನೆಗೆ ಸಿಕ್ಕಿಕೊಳ್ಳುತ್ತದೆ. ಇಂಧನವನ್ನು ಸಿಂಪಡಿಸುವ ನಾಝಲ್ಲಿನ ಕಾದ ತುದಿಯಲ್ಲಿ ನೀರಿನ ಹನಿ ಒಮ್ಮೆಗೇ ಆವಿಯಾಗಿ ಹಿಗ್ಗಿ, ಆ ತುದಿಯನ್ನೇ ಕೆಡಿಸಬಲ್ಲದು. ಫಿಲ್ಟರಿಗೆ ಆಗುವ ವೆಚ್ಚ ಅಲ್ಪ; ಪಂಪು ಕೆಟ್ಟರೆ ಸಣ್ಣ ರೈತನೊಬ್ಬನ ಹಲವು ತಿಂಗಳ ಉಳಿತಾಯ ಕರಗುತ್ತದೆ.

ಮೇಸ್ತ್ರಿ ಫಿಲ್ಟರಿನ ತಳದಲ್ಲಿರುವ ತಿರುಪನ್ನು ಸಡಿಲಿಸಿ, ಬಾಟಲಿಯ ತುಂಬ ಇಂಧನವನ್ನು ಹಿಡಿದು, ಅಲುಗಾಡದಂತೆ ಜಗಲಿಯ ಮೇಲೆ ಇಟ್ಟನು. ಮೊದಲು ಅದು ಮಜ್ಜಿಗೆಯ ತಿಳಿಯಂತೆ ಮಬ್ಬಾಗಿತ್ತು. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಮೇಲೆ ಹುಲ್ಲಿನ ಬಣ್ಣದ ಡೀಸೆಲ್, ಕೆಳಗೆ ಎರಡು ಬೆರಳಿನಷ್ಟು ನೀರು, ನಡುವೆ ಕಂದುಬಣ್ಣದ ಲೋಳೆಯ ಒಂದು ಪದರ ಸ್ಪಷ್ಟವಾಗಿ ತೋರಿದವು. ಒಂದು ಲೀಟರು ನೀರು 1,000 ಗ್ರಾಂ ತೂಗಿದರೆ ಒಂದು ಲೀಟರು ಡೀಸೆಲ್ ಸುಮಾರು 830 ಗ್ರಾಂ ತೂಗುತ್ತದೆ. ಎರಡೂ ಒಂದರೊಡನೊಂದು ಬೆರೆಯುವುದಿಲ್ಲ. ಆದಕಾರಣ ಭಾರವಾದ ನೀರು ತಳಕ್ಕಿಳಿಯುತ್ತದೆ. ಎಂಜಿನಿಗೆ ಇಂಧನವನ್ನು ಒಯ್ಯುವ ಕೊಳವೆ ಇರುವುದೂ ಟ್ಯಾಂಕಿನ ತಳದ ಬಳಿಯಲ್ಲಿಯೇ.

ಆ ಲೋಳೆಯೇನು? ಅದು ಜೀವಿಗಳ ರಾಶಿ. ನೀರು ಮತ್ತು ಡೀಸೆಲ್ ಕೂಡುವ ಗೆರೆಯಲ್ಲಿ ಕೆಲವು ಬ್ಯಾಕ್ಟೀರಿಯಗಳೂ ಬೂಷ್ಟುಗಳೂ ನೆಲೆಸಿ, ನೀರಿನಲ್ಲಿ ಬದುಕುತ್ತ, ಡೀಸೆಲ್ಲನ್ನು ಆಹಾರವಾಗಿ ಬಳಸುತ್ತವೆ. ಇವು ಫಿಲ್ಟರನ್ನು ಕಟ್ಟಿಸುವುದಲ್ಲದೆ ಆಮ್ಲಗಳನ್ನು ಹೊರಸೂಸಿ ಟ್ಯಾಂಕಿನ ಲೋಹವನ್ನು ತಿನ್ನುತ್ತವೆ. ನೀರನ್ನು ತೆಗೆದುಬಿಟ್ಟರೆ ಇವುಗಳಿಗೆ ನೆಲೆಯೇ ಇಲ್ಲ.

“ನೋಡಿದಿರಾ ಮೇಷ್ಟ್ರೇ, ನಾನು ಹೇಳಲಿಲ್ಲವೆ?” ಎಂದರು ಗೌಡರು. ಮೇಸ್ತ್ರಿ ತಲೆಯಲ್ಲಾಡಿಸಿ, “ನೀರು ಇದೆ ಎಂಬುದು ತಿಳಿಯಿತು. ಎಲ್ಲಿಂದ ಬಂತೆಂಬುದು ತಿಳಿಯಲಿಲ್ಲ. ಇನ್ನೆರಡು ಬಾಟಲಿ ಬೇಕು” ಎಂದನು.

ಎರಡನೆಯ ಬಾಟಲಿಯನ್ನು ಮರುದಿನ ಬಂಕಿನಲ್ಲಿ ತುಂಬಿಸಿದೆವು. ಅಲ್ಲಿಯವರು ಗೌಡರ ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳದೆ, ನಮ್ಮೆದುರಿಗೆ ಸಾಂದ್ರತೆಯನ್ನು ಅಳೆದು ದಾಖಲೆಯ ಅಂಕಿಯೊಡನೆ ಹೋಲಿಸಿ ತೋರಿಸಿದರು. ನೀರು ತಗುಲಿದರೆ ಬಣ್ಣ ಬದಲಾಗುವ ಒಂದು ಲೇಪವನ್ನು ಅಳತೆಯ ಕೋಲಿನ ತುದಿಗೆ ಬಳಿದು ನೆಲದಡಿಯ ತೊಟ್ಟಿಯ ತಳಕ್ಕೂ ಇಳಿಸಿದರು. ಬಣ್ಣ ಬದಲಾಗಲಿಲ್ಲ. ಬಾಟಲಿಯ ಡೀಸೆಲ್ಲೂ ತಿಳಿಯಾಗಿಯೇ ಉಳಿಯಿತು. ಬಂಕಿನಲ್ಲಿ ಸಾಂದ್ರತೆಯ ಪರೀಕ್ಷೆಯನ್ನು ಕೇಳಿ ಮಾಡಿಸಿಕೊಳ್ಳುವುದು ಪ್ರತಿಯೊಬ್ಬ ಗ್ರಾಹಕನ ಹಕ್ಕು. ಸೀಮೆಎಣ್ಣೆಯ ಕಲಬೆರಕೆ ನಡೆಯುವ ಸಂದರ್ಭಗಳೂ ಉಂಟು. ಸೀಮೆಎಣ್ಣೆ ಡೀಸೆಲ್ಲಿಗಿಂತ ಹಗುರ, ಅದರ ಜಿಡ್ಡೂ ಕಡಮೆ. ಆದುದರಿಂದ ಸಂದೇಹವಿದ್ದಾಗ ಕೂಗಾಡುವುದಕ್ಕಿಂತ ಪರೀಕ್ಷೆಯನ್ನು ಕೇಳುವುದೇ ಲೇಸು.

ಮೂರನೆಯ ಬಾಟಲಿಯನ್ನು ಗೌಡರ ಮನೆಯ ಅಂಗಳದಲ್ಲಿಯೇ ತುಂಬಿಸಿದೆವು. ಬಂಕು ದೂರವಿದ್ದುದರಿಂದಲೂ ಮಳೆಗಾಲದಲ್ಲಿ ರಸ್ತೆ ಕಡಿದುಹೋಗುವ ಭಯವಿದ್ದುದರಿಂದಲೂ ಅವರು ಮೇ ತಿಂಗಳಿನಲ್ಲಿಯೇ ಒಂದು ಪೀಪಾಯಿ ಡೀಸೆಲ್ ತಂದು ಕೊಟ್ಟಿಗೆಯ ಹೊರಗೆ ನೆಟ್ಟಗೆ ನಿಲ್ಲಿಸಿದ್ದರು. ಮೇಸ್ತ್ರಿ ಉದ್ದನೆಯ ಗಾಜಿನ ಕೊಳವೆಯೊಂದರ ಮೇಲ್ತುದಿಯನ್ನು ಹೆಬ್ಬೆರಳಿನಿಂದ ಮುಚ್ಚಿ, ಪೀಪಾಯಿಯ ತಳದವರೆಗೆ ಇಳಿಸಿ, ಬೆರಳನ್ನು ತೆಗೆದು, ಮತ್ತೆ ಮುಚ್ಚಿ ಮೇಲೆತ್ತಿದನು. ಕೊಳವೆಯಲ್ಲಿ ಬಂದುದು ಬಹುಪಾಲು ನೀರು!

ಪೀಪಾಯಿಯ ಬಿರಡೆ ಬಿಗಿಯಾಗಿಯೇ ಇತ್ತು. ಹಾಗಾದರೆ ನೀರು ಒಳಹೊಕ್ಕುದು ಹೇಗೆ? ನೆಟ್ಟಗೆ ನಿಂತ ಪೀಪಾಯಿಯ ಮೇಲ್ಭಾಗಕ್ಕೆ ಸುತ್ತಲೂ ಎತ್ತರವಾದ ಅಂಚು ಇರುತ್ತದೆ. ಮಳೆಯ ನೀರು ಅಲ್ಲಿ ತಟ್ಟೆಯಲ್ಲಿ ನಿಲ್ಲುವಂತೆ ನಿಂತು ಬಿರಡೆಯನ್ನು ಮುಳುಗಿಸುತ್ತದೆ. ರೋಹಿಣಿ ಮಳೆಯ ದಿನಗಳಲ್ಲಿ ಹಗಲು ಉರಿಬಿಸಿಲು, ಸಂಜೆ ಮಳೆ. ಬಿಸಿಲಿಗೆ ಒಳಗಿನ ಗಾಳಿ ಹಿಗ್ಗಿ ಬಿರಡೆಯ ಸುರುಳಿಗಳ ಸಂದಿನಿಂದ ಹೊರಬೀಳುತ್ತದೆ. ಸಂಜೆ ತಂಪಾದೊಡನೆ ಒಳಗಿನ ಗಾಳಿ ಕುಗ್ಗುತ್ತದೆ. ಆಗ ಪೀಪಾಯಿ ಬಿರಡೆಯ ಸುತ್ತ ನಿಂತ ನೀರನ್ನೇ ಒಳಗೆ ಎಳೆದುಕೊಳ್ಳುತ್ತದೆ. ದಿನಕ್ಕೆ ಒಂದಿಷ್ಟು ನೀರಾದರೂ ವಾರಗಳು ಕಳೆದಂತೆ ಅದು ಲೀಟರುಗಟ್ಟಲೆ ಆಗುತ್ತದೆ. ಗೌಡರು ಪೀಪಾಯಿಯಿಂದ ಗಾಡಿಗೆ ಡೀಸೆಲ್ ತುಂಬಿಸತೊಡಗಿ ಐದು ದಿನಗಳಾಗಿದ್ದವು. ಗಾಡಿ ಹಟ ಮಾಡಲು ತೊಡಗಿ ನಾಲ್ಕು ದಿನಗಳು! ಲೆಕ್ಕ ಸರಿಹೋಯಿತು. ಗೌಡರು ಮಾತನಾಡಲಿಲ್ಲ.

ಇನ್ನು ಗಾಡಿಯನ್ನು ಸರಿಪಡಿಸಿದ ಕ್ರಮವನ್ನು ನೋಡೋಣ. ನೀರು ಸೇರಿದೆಯೆಂಬ ಸಂದೇಹ ಬಂದ ಮೇಲೆ ಎಂಜಿನನ್ನು ಪದೇಪದೇ ಚಾಲೂ ಮಾಡಲು ಯತ್ನಿಸಬಾರದು. ಪ್ರತಿಯೊಂದು ಯತ್ನವೂ ನೀರನ್ನು ಪಂಪಿನ ಕಡೆಗೆ ತಳ್ಳುತ್ತದೆ. ಮೊದಲು ಟ್ಯಾಂಕನ್ನು ಬರಿದು ಮಾಡಬೇಕು. ಗೌಡರ ಮಗ ರಬ್ಬರಿನ ಕೊಳವೆಯನ್ನು ಟ್ಯಾಂಕಿಗೆ ಇಳಿಬಿಟ್ಟು ಇನ್ನೊಂದು ತುದಿಯನ್ನು ಬಾಯಿಯಿಂದ ಹೀರಲು ಬಾಗಿದನು. ಮೇಸ್ತ್ರಿ ಓಡಿಬಂದು ಕೊಳವೆಯನ್ನು ಕಿತ್ತುಕೊಂಡನು. “ಮಗಾ, ಪಂಪು ಕೆಟ್ಟರೆ ಬೇರೆ ಹಾಕಬಹುದು. ಶ್ವಾಸಕೋಶಕ್ಕೆ ಬದಲಿ ಎಲ್ಲಿಂದ ತರಲಿ?” ಎಂದನು. ಅವನ ಮಾತು ಅತಿಶಯೋಕ್ತಿಯಲ್ಲ. ಬಾಯಿಗೆ ಬಂದ ಡೀಸೆಲ್ ಸ್ವಲ್ಪವಾದರೂ ಶ್ವಾಸನಾಳಕ್ಕೆ ಜಾರಿದರೆ ಶ್ವಾಸಕೋಶದಲ್ಲಿ ಅಪಾಯಕರವಾದ ಉರಿಯೂತವುಂಟಾಗುತ್ತದೆ. ಯಾರಾದರೂ ಡೀಸೆಲ್ ನುಂಗಿದರೆ ವಾಂತಿ ಮಾಡಿಸಕೂಡದು. ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಟ್ಯಾಂಕಿನ ತಳದ ತಿರುಪನ್ನು ಬಿಚ್ಚಿ, ಬಂದ ಇಂಧನವನ್ನೆಲ್ಲ ಮುಚ್ಚಳವುಳ್ಳ ಕ್ಯಾನುಗಳಲ್ಲಿ ಹಿಡಿದೆವು. ಬಳಿಕ ಟ್ಯಾಂಕನ್ನು ಇಳಿಸಿ, ಶುದ್ಧ ಡೀಸೆಲ್ಲಿನಿಂದ ಕುಲುಕಿ ತೊಳೆದು, ಲೋಳೆಯನ್ನೂ ತುಕ್ಕನ್ನೂ ಹೊರತೆಗೆಯಲಾಯಿತು. ಬರಿದಾದ ಟ್ಯಾಂಕಿನಲ್ಲಿ ಇಂಧನದ ಆವಿ ಉಳಿದಿರುತ್ತದೆ. ಆದುದರಿಂದ ಬೀಡಿ, ಬೆಂಕಿಕಡ್ಡಿ, ವೆಲ್ಡಿಂಗು ಇವು ಯಾವುವೂ ಅದರ ಹತ್ತಿರ ಸುಳಿಯಬಾರದು. ಕೊಳವೆಗಳನ್ನು ತೊಳೆದ ಮೇಲೆ ಎರಡು ಫಿಲ್ಟರುಗಳನ್ನೂ ಬದಲಾಯಿಸಿ ಶುದ್ಧ ಡೀಸೆಲ್ ತುಂಬಿಸಲಾಯಿತು. ಆಗ ಕೊಳವೆಗಳಲ್ಲಿ ಗಾಳಿ ಸೇರಿರುತ್ತದೆ. ಗಾಳಿಯನ್ನು ಅದುಮಿದರೆ ಕುಗ್ಗುತ್ತದೆಯೇ ಹೊರತು ನಾಝಲ್ಲನ್ನು ತೆರೆಯುವ ಒತ್ತಡ ಅದರಿಂದ ಹುಟ್ಟುವುದಿಲ್ಲ. ಮೇಸ್ತ್ರಿ ಕೈಪಂಪನ್ನು ಒತ್ತುತ್ತ, ಫಿಲ್ಟರಿನ ಮೇಲಿನ ತಿರುಪಿನಿಂದ ಗುಳ್ಳೆಗಳು ನಿಂತು ಬರಿಯ ಡೀಸೆಲ್ ಬರುವವರೆಗೆ ಕಾದು, ಅನಂತರ ಬಿಗಿದನು. ನಾಝಲ್ಲಿನಿಂದ ಚಿಮ್ಮುವ ಇಂಧನ ಚರ್ಮವನ್ನೇ ತೂರಿಹೋಗುವಷ್ಟು ಬಿರುಸಾಗಿರುತ್ತದೆಯಾದ್ದರಿಂದ, ಆ ಕೆಲಸಕ್ಕೆ ಅನುಭವಿಗಳಲ್ಲದವರು ಕೈಹಾಕಬಾರದು.

ನಾಲ್ಕೈದು ಯತ್ನಗಳ ಬಳಿಕ ಎಂಜಿನು ಕೆಮ್ಮಿತು, ಬಿಳಿಯ ಹೊಗೆಯನ್ನು ಉಗುಳಿತು, ತರುವಾಯ ತನ್ನ ಹಳೆಯ ಲಯಕ್ಕೆ ಮರಳಿತು. ದೈವವಶಾತ್ ಪಂಪು ಉಳಿದಿತ್ತು. ಟ್ಯಾಂಕಿನ ಮೂಲೆಯಲ್ಲಿ ಉಳಿದ ಕೊಳೆ ಓಡಾಟದಲ್ಲಿ ಕದಡಿ ಬರುವುದರಿಂದ, ಕೆಲವು ದಿನಗಳ ಮೇಲೆ ಫಿಲ್ಟರನ್ನು ಇನ್ನೊಮ್ಮೆ ಬದಲಾಯಿಸಬೇಕೆಂದು ಮೇಸ್ತ್ರಿ ತಿಳಿಸಿದನು. ರಾತ್ರಿ ಗಾಡಿ ನಿಲ್ಲಿಸುವಾಗ ಟ್ಯಾಂಕು ಬಹುಮಟ್ಟಿಗೆ ತುಂಬಿರಲಿ ಎಂದೂ ಹೇಳಿದನು. ಖಾಲಿ ಜಾಗ ಹೆಚ್ಚಿದ್ದಷ್ಟೂ ಅದರೊಳಗಿನ ಗಾಳಿಯ ತೇವ ರಾತ್ರಿಯ ತಂಪಿಗೆ ಹನಿಗಟ್ಟುವುದು ಹೆಚ್ಚು.

ಕ್ಯಾನುಗಳಲ್ಲಿದ್ದ ಕೊಳಕು ಡೀಸೆಲ್ಲನ್ನು ತೋಟದ ಚರಂಡಿಗೆ ಚೆಲ್ಲಿಬಿಡೋಣ ಎಂದರು ಗೌಡರು. ಆ ಚರಂಡಿ ಹರಿಯುವುದು ಅವರ ಬಾವಿಯ ಪಕ್ಕದಲ್ಲಿಯೇ. ಮಣ್ಣಿಗಿಳಿದ ಡೀಸೆಲ್ ಅಂತರ್ಜಲವನ್ನು ಸೇರಿದರೆ ಬಾವಿಯ ನೀರು ಬಹುಕಾಲ ಕುಡಿಯಲು ಬಾರದಂತಾಗುತ್ತದೆ. ಡೀಸೆಲ್ಲಿಗೆ ನೀರು ಸೇರಿ ಗಾಡಿ ಕೆಟ್ಟಿತು; ಇನ್ನು ನೀರಿಗೆ ಡೀಸೆಲ್ ಸೇರಿ ಬಾವಿ ಕೆಡಬೇಕೆ? ನಾನು ಇದನ್ನು ಹೇಳಿದಾಗ ಅವರು ಒಪ್ಪಿದರು. ಆ ಕ್ಯಾನುಗಳನ್ನು ಬಳಸಿದ ಎಣ್ಣೆಯನ್ನು ಸಂಗ್ರಹಿಸಲು ಪರವಾನಗಿ ಪಡೆದವರಿಗೆ ಒಪ್ಪಿಸಲಾಯಿತು.

ಈಗ ಗೌಡರ ಪೀಪಾಯಿ ಮಾಡಿನ ಕೆಳಗೆ, ಮರದ ದಿಮ್ಮಿಗಳ ಮೇಲೆ ಅಡ್ಡಲಾಗಿ ಮಲಗಿದೆ. ಬಿರಡೆಗಳೆರಡೂ ಒಂದೇ ಮಟ್ಟದಲ್ಲಿ, ಒಳಗಿನ ಡೀಸೆಲ್ಲಿನಲ್ಲಿ ಮುಳುಗಿರುವಂತೆ ಅದನ್ನು ಇರಿಸಿದ್ದಾರೆ. ಹಾಗಿದ್ದಾಗ ಹೊರಗಿನ ತೇವ ಒಳಹೋಗಲು ದಾರಿಯಿಲ್ಲ. ಆ ವಾರದಲ್ಲಿಯೇ ಅವರು ಬಂಕಿಗೆ ತಾವಾಗಿ ಹೋಗಿ, “ತಪ್ಪು ನನ್ನ ಅಂಗಳದಲ್ಲಿಯೇ ಇತ್ತು. ದುಡುಕಿ ಮಾತನಾಡಿದೆ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ” ಎಂದು ಹೇಳಿ ಬಂದರು. ಹದಿನೆಂಟು ಮನೆಗಳಿಗೂ ಆ ದಿನದ ಹಾಲಿನ ಹಣವನ್ನು ತಾವೇ ತೆತ್ತರು.

ತೊಂದರೆ ಕಾಣಿಸಿಕೊಂಡುದು ಏರಿನಲ್ಲಿ ನಿಂತ ಎಂಜಿನಿನಲ್ಲಿ; ಅದು ಹುಟ್ಟಿದುದು ಕೊಟ್ಟಿಗೆಯ ಹೊರಗೆ ನಿಂತ ಪೀಪಾಯಿಯಲ್ಲಿ. ಫಿಲ್ಟರನ್ನಷ್ಟೇ ಬದಲಾಯಿಸಿ ಸುಮ್ಮನಾಗಿದ್ದರೆ ಗಾಡಿ ಇನ್ನೊಂದು ವಾರದಲ್ಲಿ ಮತ್ತೆ ನಿಲ್ಲುತ್ತಿತ್ತು. ಬಂಕಿನವರೊಡನೆ ಜಗಳವೂ ಬೆಳೆಯುತ್ತಿತ್ತು. ಮೇಸ್ತ್ರಿಯ ಮೂರು ಬಾಟಲಿಗಳಲ್ಲಿ ಒಂದನ್ನು ಗೌಡರು ಇಂದಿಗೂ ಕೊಟ್ಟಿಗೆಯ ಗೂಡಿನಲ್ಲಿ ಇಟ್ಟಿದ್ದಾರೆ. ಪೀಪಾಯಿಯಿಂದ ಗಾಡಿಗೆ ಡೀಸೆಲ್ ತುಂಬಿಸುವ ಮುನ್ನ ಅದರಲ್ಲಿ ಒಂದಿಷ್ಟನ್ನು ಹಿಡಿದು, ಅರ್ಧ ಗಂಟೆ ಇಟ್ಟು, ಬೆಳಕಿಗೆ ಹಿಡಿದು ನೋಡುತ್ತಾರೆ.