ಊರಲ್ಲಿಲ್ಲದವರ ಲೆಕ್ಕ

2011ರ ಜನಗಣತಿಯ ಸಿಬ್ಬಂದಿ ಮನೆಮನೆಗೆ ಬಂದದ್ದು ಫೆಬ್ರುವರಿ 9ರಿಂದ 28ರವರೆಗೆ. ಹುನಗುಂದದ ಎರೆ ಹೊಲಗಳಲ್ಲಿ ಅದು ಬಿಳಿಜೋಳ ಕೀಳುವ ಕಾಲ. ಗೋವಾ, ಮಂಗಳೂರು, ಬೆಂಗಳೂರುಗಳಿಗೆ ದುಡಿಯಲು ಹೋದವರಲ್ಲಿ ಎಷ್ಟೋ ಮಂದಿ ಸುಗ್ಗಿಗೆಂದು ಊರಿಗೆ ಬಂದಿರುತ್ತಾರೆ. ಗಣತಿಯ ಹಾಳೆಯಲ್ಲಿ ಅವರೆಲ್ಲ ಊರವರೇ. ಜೋಳ ಮನೆ ಸೇರಿ, ಯುಗಾದಿ ಮುಗಿದು, ಬಿಸಿಲು ಏರಿದ ಮೇಲೆ ಅದೇ ಓಣಿಗೆ ಹೋದರೆ ಕೆಲವು ಬಾಗಿಲಿಗೆ ಕೀಲಿ ಬಿದ್ದಿರುತ್ತದೆ. ಕೆಲವು ಮನೆಗಳಲ್ಲಿ ಮೊಮ್ಮಕ್ಕಳನ್ನು ಕಾಯುತ್ತ ಆಯಿ ಒಬ್ಬಳೇ ಇರುತ್ತಾಳೆ. ಮುಂದಿನ ಜನಗಣತಿಗೂ 2027ರ ಮಾರ್ಚ್ 1 ಆಧಾರ ದಿನವೆಂದು ಗೊತ್ತಾಗಿದೆ. ಸುಗ್ಗಿಯ ಹೊತ್ತಿಗೇ ಮತ್ತೆ ಎಣಿಕೆ.

ಯಾರು ಹೋದರು, ಎಲ್ಲಿಗೆ, ಎಷ್ಟು ತಿಂಗಳಿಗೆ, ಯಾವ ಸಾಲ ತೀರಿಸಲು, ಹೋಗುವಾಗ ಹೊಲವನ್ನು ಯಾರ ಕೈಗೆ ಕೊಟ್ಟರು, ಆ ವರ್ಷ ಮಳೆ ಹೇಗಿತ್ತು? ಇಷ್ಟನ್ನು ಕೇಳಿ, ಬರೆದು, ತಾಳೆ ನೋಡಿ, ಮತ್ತೆ ಹೋಗಿ ಕೇಳುವ ಒಂದು ಕಸುಬಿದೆ. ವಿಶ್ವವಿದ್ಯಾಲಯದವರು ಅದಕ್ಕೆ ಕ್ಷೇತ್ರಾಧ್ಯಯನ ಎನ್ನುತ್ತಾರೆ. ಊರ ಮಂದಿ 'ಸರ್ವೆದವರು ಬಂದಾರ' ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ನೇಕಾರಿಕೆ, ಕಲ್ಲುಕೆತ್ತನೆಗಳ ಹಾಗೆ ಇದೂ ಕೈ ಪಳಗಬೇಕಾದ ಕೆಲಸವೆಂದು ನಾನು ನಂಬಿದ್ದೇನೆ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲಿನ ಸೀಮೆಯಲ್ಲಿ ಇದರ ಅಗತ್ಯ ಎಷ್ಟಿದೆಯೆಂಬುದನ್ನು ಹೇಳಲು ಈ ಬರಹ.

ಸೀಮೆಯ ಕಷ್ಟ ಶುರುವಾಗುವುದು ನೀರಿನಿಂದ. ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ನದಿಗಳು ಈ ಜಿಲ್ಲೆಯಲ್ಲಿ ಹರಿಯುತ್ತವೆ. ವರ್ಷದ ಮಳೆ ಮಾತ್ರ ಸರಾಸರಿ 600 ಮಿಲಿಮೀಟರಿಗೂ ಕಡಿಮೆ. ಜಮಖಂಡಿ, ಮುಧೋಳದ ಕಡೆ ಕಬ್ಬು ಆಳೆತ್ತರ ನಿಂತಿರುವಾಗ ಹುನಗುಂದದ ರೈತ ಹಸ್ತ ಮಳೆಗೆ ಮುಗಿಲು ನೋಡುತ್ತಿರುತ್ತಾನೆ. ಒಂದು ಕಡೆ ಕಬ್ಬು ಕಡಿಯಲು ಹೊರಗಿನಿಂದ ಟೋಳಿಗಳು ಬರುತ್ತವೆ, ಇನ್ನೊಂದು ಕಡೆಯಿಂದ ಮಂದಿ ಗುಳೆ ಹೋಗುತ್ತಾರೆ. ಜಿಲ್ಲೆಯ ಸರಾಸರಿ ತೆಗೆದರೆ ಎರಡೂ ಮುಖ ಅಳಿಸಿಹೋಗುತ್ತವೆ.

ಇಲ್ಲಿಯ ಮಂದಿಯನ್ನು ಎಣಿಸಿದ ಹಳೆಯ ದಾಖಲೆಯೇ ಒಂದು ಮಹಾ ದುಃಖದ ಲೆಕ್ಕ. ಆಗ ಇದು ಕಲಾದಗಿ ಜಿಲ್ಲೆ. 1872ರಲ್ಲಿ 8 ಲಕ್ಷಕ್ಕೂ ಮಿಕ್ಕಿದ್ದ ಜನಸಂಖ್ಯೆ 1881ರ ಎಣಿಕೆಯಲ್ಲಿ 6.4 ಲಕ್ಷದೊಳಗೆ ಇಳಿದಿತ್ತು. ನಡುವೆ 1876ರಿಂದ 78ರವರೆಗಿನ ಬರ ಬಂದುಹೋಗಿತ್ತು. ಎಷ್ಟು ಮಂದಿ ಹಸಿವಿಗೆ, ಕಾಲರಾಕ್ಕೆ ಸತ್ತರು, ಎಷ್ಟು ಮಂದಿ ನಿಜಾಮನ ಸೀಮೆಗೋ ಬೇರೆಡೆಗೋ ನಡೆದು ಹೋದರು ಎಂಬುದನ್ನು ಆ ಎರಡು ಸಂಖ್ಯೆಗಳು ಬಿಡಿಸಿ ಹೇಳುವುದಿಲ್ಲ. 1884ರ ಬಿಜಾಪುರ ಗೆಜೆಟಿಯರು ಬೆಳೆ, ಕೂಲಿ, ಧಾರಣೆ, ಕೆರೆ ಬಾವಿಗಳನ್ನೆಲ್ಲ ಬರೆದಿಟ್ಟಿತು. ಆದರೆ ಅದು ಕಂದಾಯದ ಕಣ್ಣು. ಒಂದು ಮನೆ ಬರವನ್ನು ಹೇಗೆ ದಾಟಿತು ಎಂದು ತಿಳಿಯಲು ಇನ್ನೊಂದು ಬಗೆಯ ಕಣ್ಣು ಬೇಕಿತ್ತು.

ಅದು ಬಂದದ್ದು ಬಹಳ ತಡವಾಗಿ. 1975ರಲ್ಲಿ ಹೈದರಾಬಾದ್ ಬಳಿಯ ಇಕ್ರಿಸ್ಯಾಟ್ ಸಂಸ್ಥೆ ಒಣಬೇಸಾಯದ ಆರು ಹಳ್ಳಿಗಳನ್ನು ಆರಿಸಿಕೊಂಡಿತು. ಎರಡು ಹಳ್ಳಿಗಳು, ಶಿರಾಪುರ ಮತ್ತು ಕಲ್ಮಣ, ನಮ್ಮ ಗಡಿಯಾಚೆಯ ಸೊಲ್ಲಾಪುರ ಜಿಲ್ಲೆಯವು. ಊರಿಗೆ 40 ಮನೆ: ಭೂಮಿಯಿಲ್ಲದವರು, ಸಣ್ಣ ರೈತರು, ನಡುಮಟ್ಟದವರು, ದೊಡ್ಡ ಹಿಡುವಳಿಯವರು, ತಲಾ ಹತ್ತು. ಲೆಕ್ಕ ಬರೆಯುವವನು ಆ ಊರಲ್ಲೇ ಬಾಡಿಗೆ ಮನೆ ಹಿಡಿದು ಇರಬೇಕು. ಮೂರು ನಾಲ್ಕು ವಾರಕ್ಕೊಮ್ಮೆ ಅದೇ ಮನೆಗಳಿಗೆ ಹೋಗಿ ಏನು ಬಿತ್ತಿದಿರಿ, ಏನು ಮಾರಿದಿರಿ, ಯಾರು ಕೂಲಿಗೆ ಹೋದರು ಎಂದು ಕೇಳಬೇಕು. ಒಂದೇ ದಿನ ಬಂದು ನೂರು ಪ್ರಶ್ನೆ ಕೇಳಿ ಹೋಗುವವನಿಗೆ ಸಿಗದ ಸತ್ಯ ಹೀಗೆ ಮರಳಿ ಮರಳಿ ಹೋಗುವವನಿಗೆ ಸಿಗುತ್ತದೆ. 2009ರ ನಂತರ ಈ ಕೆಲಸ ಕೃಷ್ಣೆಯ ಆಚೆಗೆ ವಿಜಯಪುರ ಜಿಲ್ಲೆಯ ಕಪನಿಂಬರ್ಗಿ ಮತ್ತು ಮಾರ್ಕಬ್ಬಿನಹಳ್ಳಿಗಳಿಗೂ ಬಂತು.

ಇನ್ನೊಂದು ದಾರಿ ಮಾನವಶಾಸ್ತ್ರಜ್ಞರದು. ಎ.ಆರ್. ವಾಸವಿ ಅವರು ಅಖಂಡ ಬಿಜಾಪುರ ಜಿಲ್ಲೆಯ ಹಳ್ಳಿಯೊಂದರಲ್ಲಿ ಉಳಿದು ಮಾಡಿದ ಅಧ್ಯಯನ 1999ರಲ್ಲಿ ಇಂಗ್ಲಿಷ್ ಪುಸ್ತಕವಾಗಿ ಬಂತು. ಮಳೆ, ಬರ, ಜೋಳ, ಮೈಯ ಕಸುವು, ಊರಿನ ನಡತೆ ಇವೆಲ್ಲ ರೈತರ ಮನಸ್ಸಿನಲ್ಲಿ ಒಂದಕ್ಕೊಂದು ಹೆಣೆದುಕೊಂಡಿರುವುದನ್ನು ಅವರು ತೋರಿಸಿದರು. ಹೈಬ್ರಿಡ್ ಬೀಜ ಬಂದ ಮೇಲೆ ಊರ ಮಂದಿ ಕಾಳನ್ನಷ್ಟೇ ಅಲ್ಲದೆ ಕಾಲವನ್ನೂ ಮನುಷ್ಯರನ್ನೂ 'ಹೈಬ್ರಿಡ್' ಎಂದು ಕರೆಯತೊಡಗಿದ್ದನ್ನು ಅವರು ಗಂಭೀರವಾಗಿ ಕೇಳಿಸಿಕೊಂಡರು. ಇಳುವರಿಯ ಅಂಕಿಅಂಶದಲ್ಲಿ ಸಿಗುವ ಸಂಗತಿ ಇದಲ್ಲ.

ಕಸುಬು ಹೇಗೆ ನಡೆಯುತ್ತದೆಂದು ಹತ್ತಿರದಿಂದ ನೋಡೋಣ. ಗುಡಿ ಕಟ್ಟೆಯ ಮುಂದೆ ನೆಲ ಸಾರಿಸಿ ರಂಗೋಲಿಯಲ್ಲಿ ಉದ್ದನೆಯ ಗೆರೆ ಎಳೆಯುತ್ತಾರೆ. ಅದರ ಮೇಲೆ ಜನವರಿ, ಫೆಬ್ರುವರಿ ಎಂದು ಬರೆಯುವುದಿಲ್ಲ. ರೋಹಿಣಿ, ಮಿರಗ, ಆರಿದ್ರ ಎಂದು ಮಳೆಗಳ ಹೆಸರಿನಲ್ಲಿ, ಕಾರಹುಣ್ಣಿಮೆ, ಶೀಗಿ ಹುಣ್ಣಿಮೆ, ಎಳ್ಳ ಅಮಾಸೆ, ಬನದ ಹುಣ್ಣಿಮೆಗೆ ಬರುವ ಬನಶಂಕರಿ ಜಾತ್ರೆ ಎಂದು ಹಬ್ಬಗಳ ಹೆಸರಿನಲ್ಲಿ ವರ್ಷವನ್ನು ಭಾಗ ಮಾಡುತ್ತಾರೆ. ಕೆಲಸ ಹೆಚ್ಚಿದ್ದ ಕಡೆ ಹೆಚ್ಚು ಜೋಳದ ಕಾಳು, ಕಡಿಮೆ ಇದ್ದ ಕಡೆ ಕಡಿಮೆ ಕಾಳು ಇಡಬೇಕು. ಗಂಡಸರು 'ಶ್ರಾವಣದಾಗ ಏನ್ ಕೆಲಸ ಇರ್ತದ್ರಿ' ಎಂದು ಎರಡು ಕಾಳಿಟ್ಟು ಹಿಂದೆ ಸರಿದರೆ, ಪಕ್ಕದಲ್ಲಿ ಕೂತ ಹೆಂಗಸು ಅಲ್ಲೇ ಒಂದು ಹಿಡಿ ಸುರಿಯುತ್ತಾಳೆ. ಕಳೆ ತೆಗೆಯುವವಳು ಅವಳು. ಹತ್ತಿ ಬಿಡಿಸುವುದು, ಮೆಣಸಿನಕಾಯಿ ಬಿಡಿಸುವುದು, ಕೊಡ ಹೊತ್ತು ನೀರು ತರುವುದು ಅವಳ ಪಾಲಿನವೇ. ಒಂದೇ ಮನೆಯ ವರ್ಷ ಇಬ್ಬರಿಗೂ ಒಂದೇ ಅಲ್ಲ ಎಂಬುದು ಆ ನೆಲದ ಮೇಲೆ ಎಲ್ಲರ ಕಣ್ಣಿಗೂ ಬೀಳುತ್ತದೆ. 1990ರ ಆಸುಪಾಸಿನಲ್ಲಿ ಈ ಬಗೆಯ ಸಹಭಾಗಿ ಅಧ್ಯಯನವನ್ನು ಕರ್ನಾಟಕದಲ್ಲಿ ಬೆಳೆಸಿದವರಲ್ಲಿ ಮೈರಾಡ ಸಂಸ್ಥೆಯವರು ಮುಖ್ಯರು. ಆ ಗೆರೆಯ ಮೇಲೆ ಕಾಳೇ ಇಲ್ಲದ ಜಾಗ ಕಂಡರೆ ಅಲ್ಲಿಂದ ಗುಳೆಯ ಮಾತು ಶುರುವಾಗುತ್ತದೆ.

ಸಾಲದ ಪ್ರಶ್ನೆಯನ್ನು ಮೊದಲ ದಿನ ಕೇಳುವವನಿಗೆ ಈ ಕೆಲಸ ಗೊತ್ತಿಲ್ಲವೆಂದೇ ಅರ್ಥ. ಬೋರು ಎಷ್ಟು ಫೂಟು ಹೊಡೆಸಿದಿರಿ, ನೀರು ಬಿತ್ತೇ, ಮಗಳ ಲಗ್ನ ಯಾವ ವರ್ಷ ಆಯಿತು, ಆ ವರ್ಷ ಎತ್ತು ಮಾರಿದಿರಾ ಎಂದು ಕೇಳುತ್ತ ಹೋದರೆ ಸಾಲ ತಾನಾಗಿ ಹೊರಗೆ ಬರುತ್ತದೆ. ಮೇಸ್ತ್ರಿಯಿಂದ ಹಿಡಿದ ಮುಂಗಡದ ವಿಷಯ ಎಲ್ಲಕ್ಕಿಂತ ಕೊನೆಗೆ ಬರುತ್ತದೆ. ಬಂದಾಗಲೂ ದನಿ ತಗ್ಗಿರುತ್ತದೆ.

ಹೊಲದ ಪ್ರಶ್ನೆಯೂ ಸರಳವಲ್ಲ. ಉತಾರದಲ್ಲಿ ಅಜ್ಜನ ಹೆಸರಿರುತ್ತದೆ. ಗುಳೆ ಹೋಗುವ ಮನೆಯವರು ಹೊಲವನ್ನು ಯಾರಿಗೋ ಲಾವಣಿಗೆ ಕೊಟ್ಟಿರುತ್ತಾರೆ. ಕರ್ನಾಟಕದ ಭೂಸುಧಾರಣಾ ಕಾಯ್ದೆ 1974ರ ತಿದ್ದುಪಡಿಯ ನಂತರ ಗೇಣಿಗೆ ಅವಕಾಶ ಕೊಡುವುದಿಲ್ಲವಾದ್ದರಿಂದ ಈ ಲಾವಣಿ ಬಾಯಿಮಾತಿನದು. ಉಳುವವನು ಬೇರೆ, ಬೆಳೆವಿಮೆಗೂ ಬರ ಪರಿಹಾರಕ್ಕೂ ಕಾಗದದಲ್ಲಿರುವವನು ಬೇರೆ. ನೀರು, ಒಕ್ಕಲುತನ, ಗುಳೆ ಮೂರನ್ನೂ ಒಂದೇ ಮನೆಯೊಳಗೆ ಕೂಡಿಸಿ ನೋಡದಿದ್ದರೆ ಈ ಗಂಟು ಕಾಣುವುದೇ ಇಲ್ಲ. ನೀರಾವರಿಯ ಅಧ್ಯಯನ ಒಂದು ಇಲಾಖೆಗೆ, ಕಾರ್ಮಿಕರದು ಇನ್ನೊಂದಕ್ಕೆ, ಕೃಷಿಯದು ಮತ್ತೊಂದಕ್ಕೆ ಹಂಚಿಹೋಗಿರುವುದು ನನಗೆ ಬಹಳ ನೋವಿನ ಸಂಗತಿ.

ರಾಷ್ಟ್ರೀಯ ಮಾದರಿ ಸಮೀಕ್ಷೆಯ 2007-08ರ 64ನೇ ಸುತ್ತಿನ ವ್ಯಾಖ್ಯೆಯನ್ನು ನೋಡಿ. ಹಿಂದಿನ 365 ದಿನಗಳಲ್ಲಿ ಕೆಲಸಕ್ಕಾಗಿ ಒಂದು ತಿಂಗಳಿಗೆ ಕಡಿಮೆಯಿಲ್ಲದೆ, ಆರು ತಿಂಗಳಿಗೆ ಒಳಪಟ್ಟು ಊರು ಬಿಟ್ಟಿದ್ದವರು ಅಲ್ಪಾವಧಿ ವಲಸಿಗರು. 1999-2000ದ ಸುತ್ತಿನಲ್ಲಿ ಕೆಳಗಿನ ಮಿತಿ 60 ದಿನ ಇತ್ತು. ಅದನ್ನು ಇಳಿಸಿದ್ದು ಒಳ್ಳೆಯದೇ ಆಯಿತು. ಆದರೆ ದೀಪಾವಳಿ ಮುಗಿಸಿ ಗೋವಾಕ್ಕೆ ಹೋಗಿ, ಸುಗ್ಗಿಗೆ ಎಂಟು ದಿನ ಬಂದು, ಮತ್ತೆ ಹೋಗಿ, ಮಿರಗ ಮಳೆಗೆ ಮರಳುವ ಕುಟುಂಬಕ್ಕೆ ಏಳು ತಿಂಗಳಾಗಿರುತ್ತದೆ. ಅವರು ಅಲ್ಪಾವಧಿಯವರೂ ಅಲ್ಲ, ಗೋವಾದ ನಿವಾಸಿಗಳೆಂದು ಅಲ್ಲಿ ಯಾರೂ ಒಪ್ಪುವುದೂ ಇಲ್ಲ. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಗುತ್ತಿಗೆದಾರನ ಮೂಲಕ ನೇಮಕವಾದವರನ್ನು ಮಾತ್ರ ಗುರುತಿಸುತ್ತಿತ್ತು. ಬೀಗರ ಬೆನ್ನು ಹಿಡಿದು ಬಸ್ಸು ಹತ್ತಿದವರು ಅದರ ಹೊರಗೆ. 2004ರಲ್ಲಿ ವಾಸ್ಕೋದ ಬೈನಾ ಕಡಲದಂಡೆಯ ಮನೆಗಳನ್ನು ಕೆಡವಿದಾಗ ಬೀದಿಗೆ ಬಿದ್ದವರಲ್ಲಿ ಕನ್ನಡಿಗರು ಬಹಳ ಮಂದಿ ಇದ್ದರು. ಗಡಿ ದಾಟಿದ ಕುಟುಂಬವನ್ನು ಎರಡೂ ಕಡೆ ಹೋಗಿ ನೋಡುವ ಅಧ್ಯಯನಗಳು ನಮಗೆ ಇನ್ನೂ ಬೇಕು. ಕರ್ನಾಟಕದ ವರದಿ ಕಾರವಾರಕ್ಕೇ ನಿಲ್ಲಬಾರದು.

ಬಾಗಲಕೋಟೆಯಲ್ಲಿ ಊರು ಬಿಡುವುದಕ್ಕೆ ಇನ್ನೊಂದು ಕಾರಣವಿದೆ. ಅಲ್ಲಿ ನೀರು ಹೆಚ್ಚಾಗಿ ಮನೆ ಬಿಟ್ಟವರು ಇದ್ದಾರೆ. ಲಾಲ್ ಬಹಾದ್ದೂರ್ ಶಾಸ್ತ್ರಿ 1964ರ ಮೇ 22ರಂದು ಅಡಿಗಲ್ಲು ಹಾಕಿದ ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಘಟಪ್ರಭೆಯ ದಂಡೆಯ ಹಳೇ ಪೇಟೆಯ ಒಂದು ಭಾಗವನ್ನು ನುಂಗಿತು. ನವನಗರ ಎದ್ದು ನಿಂತಿತು. ಸುತ್ತಲ ಹಳ್ಳಿಗಳ ಮಂದಿ ಪುನರ್ವಸತಿ ಕೇಂದ್ರಗಳಿಗೆ ಹೋದರು. ಪುನರ್ವಸತಿ ಸರಿಯಾಗಿಲ್ಲವೆಂದು 1990ರ ದಶಕದಲ್ಲಿ ವಿಶ್ವಬ್ಯಾಂಕ್ ಸಾಲದ ಹಣ ತಡೆಹಿಡಿದದ್ದೂ ಉಂಟು. ಜನರಿಗೆ ಏನಾಗುತ್ತಿದೆಯೆಂದು ನೋಡಿ ಬರೆದವರಿದ್ದದ್ದರಿಂದಲೇ ಅದು ಸಾಧ್ಯವಾಯಿತು.

ಈಗ ನೀರು ನಿಲ್ಲುವ ಮಟ್ಟ 519.60 ಮೀಟರ್. ಅದನ್ನು 524.256ಕ್ಕೆ ಏರಿಸಲು ಕೃಷ್ಣಾ ನ್ಯಾಯಮಂಡಳಿ 2010ರ ಡಿಸೆಂಬರ್‌ನಲ್ಲಿ ಒಪ್ಪಿದೆ. ಈ ಎರಡು ಸಂಖ್ಯೆಗಳ ನಡುವೆ ಬಿದ್ದ ಊರುಗಳ ಬದುಕನ್ನು ಯೋಚಿಸಿ. ಮಾಳಿಗೆ ಸೋರಿದರೆ ದುರಸ್ತಿ ಮಾಡಿಸಬೇಕೇ? ಬಾವಿ ತೋಡಬೇಕೇ? ಮಗನಿಗೆ ಹೆಣ್ಣು ಕೊಡುವವರು 'ನಿಮ್ಮೂರು ಮುಳುಗಡಿಯಾಗ ಬರ್ತೈತೇನು' ಎಂದು ಕೇಳುತ್ತಾರೆ. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ಮುಳುಗಡೆಯಾಗುವ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ ರೂಪಾಯಿ ಎಂದು ತೀರ್ಮಾನಿಸಿತು. ಹೊಲ ಯಾವ ಕಾಲಮಿಗೆ ಬೀಳುತ್ತದೆಂಬುದರ ಮೇಲೆ ಎಕರೆಗೆ 10 ಲಕ್ಷದ ಹೆಚ್ಚುಕಡಿಮೆ. ಲಾವಣಿ ಹಿಡಿದವನಿಗೂ, ಆ ಹೊಲದಲ್ಲಿ ಕಳೆ ತೆಗೆದು ಬದುಕುವವಳಿಗೂ ಯಾವ ಕಾಲಮು ಎಂದು ಕೇಳುವವರು ಅಲ್ಲಿರಬೇಕು.

ಬಾದಾಮಿ ತಾಲ್ಲೂಕಿನ ಮಲಪ್ರಭೆಯ ದಂಡೆ ಇದಕ್ಕೆ ಇನ್ನೊಂದು ಪಾಠ. 2009ರ ಅಕ್ಟೋಬರ್ ಪ್ರವಾಹದ ನಂತರ ಕಟ್ಟಿಸಿದ 'ಆಸರೆ' ಮನೆಗಳಲ್ಲಿ ಎಷ್ಟೋ ಖಾಲಿ ಉಳಿದವು. ಹಳೆಯ ಊರು ಬಿಡದವರನ್ನು ಹಟಮಾರಿಗಳೆಂದು ಜರಿಯುವುದು ಸುಲಭ. ಹೋಗಿ ಕೇಳಿದರೆ ಅವರ ಮಾತು ಬೇರೆ: ಹೊಲ ದೂರ, ದನ ಕಟ್ಟಲು ಜಾಗವಿಲ್ಲ, ಬಣವಿ ಒಟ್ಟಲು ಹಿತ್ತಲಿಲ್ಲ, ಅಣ್ಣತಮ್ಮಂದಿರ ಮನೆ ಬೇರೆ ಬೇರೆ ಸಾಲಿಗೆ ಹೋಯಿತು. 2019ರ ಆಗಸ್ಟಿನಲ್ಲಿ ನೀರು ಮತ್ತೆ ಏರಿತು, ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೂ ಬಂತು. ನಕ್ಷೆ ಬರೆಯುವ ಮೊದಲೇ ದನದ ಕೊಟ್ಟಿಗೆಯ ಬಗ್ಗೆ ಕೇಳಿದ್ದರೆ ಹತ್ತು ವರ್ಷದಲ್ಲಿ ಎರಡು ಸಲ ಗಂಟು ಕಟ್ಟುವ ಪಾಡು ಕೆಲವರಿಗಾದರೂ ತಪ್ಪುತ್ತಿತ್ತು.

ಇಳಕಲ್ಲಿನಲ್ಲಿ ಕಥೆ ಹೊಲದಿಂದ ಮಗ್ಗಕ್ಕೆ ಹೊರಳುತ್ತದೆ. ಸೆರಗಿನ ಹಾಸನ್ನು ಒಡಲಿನ ಹಾಸಿಗೆ ಕೊಂಡಿ ಹಾಕಿ ಕೂಡಿಸುವುದು ಇಲ್ಲಿಯ ಸೀರೆಯ ಗುರುತು. ಕೈಮಗ್ಗದ ಗಣತಿ ಮಗ್ಗಗಳನ್ನು ಎಣಿಸುತ್ತದೆ. ಮಗ್ಗ ಬಿಟ್ಟು ಹೋದವರ ಎಣಿಕೆ ಅದರಲ್ಲಿಲ್ಲ. ಅದೇ ಊರಿನ ಗ್ರಾನೈಟ್ ಗಣಿಗಳಿಗೆ ಹೊರಗಿನ ಕೆಲಸಗಾರರು ಬರುತ್ತಾರೆ ಎಂಬುದನ್ನೂ ಸೇರಿಸಿ ನೋಡಬೇಕು.

ಹುನಗುಂದದಲ್ಲಿ ಮಳೆನೀರನ್ನು ಹೊಲದಲ್ಲೇ ಹಿಡಿಯುವ ಜಾಣ್ಮೆ ಹಳೆಯದು. ಇಳಿಜಾರಿಗೆ ಒಡ್ಡು ಹಾಕಿ, ಹೆಚ್ಚಿನ ನೀರು ಹರಿದುಹೋಗುವ ಕಡೆ ಕಲ್ಲು ಕಟ್ಟಿ, ವರ್ಷ ವರ್ಷ ನೆಲ ಸಮ ಮಾಡುತ್ತ ಬಂದ ನಾಗರಾಳ ಮನೆತನದ ಹೊಲಗಳನ್ನು ನೋಡಲು ಕೃಷಿ ವಿಜ್ಞಾನಿಗಳು ಬರುತ್ತಾರೆ. ಅದೇ ತಾಲ್ಲೂಕಿನ ಮರೋಳದಲ್ಲಿ ಕೃಷ್ಣೆಯ ನೀರೆತ್ತಿ ಸುಮಾರು 24,000 ಹೆಕ್ಟೇರಿಗೆ ಹನಿ ನೀರಾವರಿ ಕೊಡುವ ದೊಡ್ಡ ಯೋಜನೆ ಬಂದಿದೆ. ಪೈಪು ಬಂದರೂ ನೀರು ಬರಲಿಲ್ಲವೆಂಬ ರೈತರ ದೂರುಗಳೂ ಪತ್ರಿಕೆಗಳಲ್ಲಿ ಬಂದಿವೆ. ಪೈಪಿನ ಎಲ್ಲೆಯ ಒಳಗಿನ ಮನೆ, ಹೊರಗಿನ ಮನೆ ಎರಡನ್ನೂ ಹತ್ತು ವರ್ಷ ಜೊತೆಯಲ್ಲೇ ನೋಡಿದರೆ ನೀರು ಗುಳೆಯನ್ನು ತಡೆಯುತ್ತದೆಯೇ ಎಂಬ ಪ್ರಶ್ನೆಗೆ ನಂಬಬಹುದಾದ ಉತ್ತರ ಸಿಗುತ್ತದೆ. ಈ ಸೀಮೆಯಲ್ಲಿ ಓದುತ್ತಿರುವ ಹುಡುಗ ಹುಡುಗಿಯರೇ ಆ ಕೆಲಸ ಕೈಗೆತ್ತಿಕೊಳ್ಳಬೇಕು. ಅವರಿಗೆ ಒಂದು ಕೂರಿಗಿ ಹೊಲ ಎಂದರೆ ಎಷ್ಟೆಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಇಷ್ಟೆಲ್ಲ ಬರೆದ ವರದಿಗಳು ಹೆಚ್ಚಾಗಿ ಇಂಗ್ಲಿಷಿನಲ್ಲೇ ಉಳಿದಿವೆ. ಕೂಲಿ ಬಿಟ್ಟು ಕೂತು ಉತ್ತರ ಕೊಟ್ಟವರ ಕೈಗೆ ಅವು ಬರುವುದಿಲ್ಲ. ವರದಿಯನ್ನು ಅಚ್ಚಿಗೆ ಕೊಡುವ ಮುಂಚೆ ಅದೇ ಊರಿನ ಗ್ರಾಮಸಭೆಯಲ್ಲಿ ಕನ್ನಡದಲ್ಲಿ ಓದಬೇಕು. ತಪ್ಪಿದ್ದರೆ 'ಅದು ಹಂಗಲ್ರಿ' ಎಂದು ಅಲ್ಲೇ ಯಾರಾದರೂ ಎದ್ದು ಹೇಳುತ್ತಾರೆ, ಅದನ್ನು ತಿದ್ದಿಕೊಳ್ಳಬೇಕು. ಸಭೆಯನ್ನು ಕಾರಹುಣ್ಣಿಮೆಯ ಸುಮಾರಿಗೆ ಕರೆದರೆ ಗೋವಾದಿಂದ ಬಿತ್ತನೆಗೆಂದು ಬಂದವರೂ ಅಲ್ಲಿರುತ್ತಾರೆ.