ಎಳೆಯ ಮಕ್ಕಳ ಉಸಿರಾಟದ ತೊಂದರೆಗಳು: ಪಾಲಕರು ಅರಿಯಬೇಕಾದುದು

ಕೂಸಿಗೆ ನೆಗಡಿಯಾಗಿ ಉಸಿರು ಗೊರಗುಟ್ಟತೊಡಗಿದಾಗ ಅದನ್ನು ಎತ್ತಿಕೊಂಡು ವಿಭೂತಿಗಾಗಿ ಶ್ರೀಮಠಕ್ಕೆ ಬರುವ ತಾಯಂದಿರನ್ನು ಚಳಿಗಾಲದಲ್ಲಿ ನಾವು ಕಾಣುತ್ತೇವೆ. ಅವರ ಶ್ರದ್ಧೆ ದೊಡ್ಡದು. ಆದರೆ ಯಾವುದು ಸಾಮಾನ್ಯ ನೆಗಡಿ, ಯಾವುದು ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕಾದ ತೊಂದರೆ ಎಂಬುದನ್ನು ಅರಿಯುವುದೂ ಅಷ್ಟೇ ಅಗತ್ಯವೆಂದು ಭಾವಿಸಿ ಈ ವಿಚಾರವನ್ನು ಸದ್ಭಕ್ತರ ಮುಂದಿಡುತ್ತಿದ್ದೇವೆ.

ಗರ್ಭದಲ್ಲಿರುವಾಗ ಶಿಶುವಿನ ಶ್ವಾಸಕೋಶದಲ್ಲಿ ದ್ರವ ತುಂಬಿರುತ್ತದೆ. ಹೆರಿಗೆಯ ಬಳಿಕ ಅದು ಬೇಗ ಇಂಗದಿದ್ದರೆ ಉಸಿರು ವೇಗಗೊಳ್ಳುತ್ತದೆ. ಇದು ಸಾಮಾನ್ಯವಾಗಿ ಎರಡು ಮೂರು ದಿನಗಳಲ್ಲಿ ವೈದ್ಯರ ನಿಗಾದಲ್ಲಿ ಶಮನವಾಗುತ್ತದೆ. 37 ವಾರ ತುಂಬುವ ಮೊದಲೇ ಜನಿಸಿದ ಶಿಶುಗಳಲ್ಲಿ ಶ್ವಾಸಕೋಶದ ಗಾಳಿಗೂಡುಗಳು ಮುಚ್ಚಿಕೊಳ್ಳದಂತೆ ಕಾಯುವ ಸರ್ಫ್ಯಾಕ್ಟೆಂಟ್ ಎಂಬ ವಸ್ತು ಸಾಲದೇ ಹೋಗಬಹುದು. ಇಂತಹ ಶಿಶುಗಳಿಗೆ ಆಸ್ಪತ್ರೆಯ ಆರೈಕೆಯೇ ಆಧಾರ.

ಎರಡು ವರ್ಷದೊಳಗಿನ ಮಕ್ಕಳಲ್ಲಿ ವೈರಾಣುವಿನಿಂದ ಸಣ್ಣ ಶ್ವಾಸನಾಳಗಳು ಊದಿಕೊಳ್ಳುವ ಬ್ರಾಂಕಿಯೋಲೈಟಿಸ್ ಹೆಚ್ಚು. ಎಲ್ಲಕ್ಕಿಂತ ಭಯ ಪಡಬೇಕಾದುದು ನ್ಯುಮೋನಿಯಾಕ್ಕೆ.

ಇದನ್ನು ಗುರುತಿಸುವ ಒಂದು ಉಪಾಯ ತಾಯಿಯ ಕೈಯಲ್ಲೇ ಇದೆ. ಮಗು ಶಾಂತವಾಗಿರುವಾಗ ಅಂಗಿಯನ್ನು ಮೇಲೆತ್ತಿ, ಗಡಿಯಾರ ನೋಡಿ ಪೂರ್ತಿ ಒಂದು ನಿಮಿಷ ಉಸಿರನ್ನು ಎಣಿಸಬೇಕು. ಎರಡು ತಿಂಗಳೊಳಗಿನ ಮಗುವಿಗೆ 60, ಎರಡರಿಂದ ಹನ್ನೆರಡು ತಿಂಗಳವರೆಗೆ 50, ಒಂದರಿಂದ ಐದು ವರ್ಷದವರೆಗೆ 40 ಅಥವಾ ಅದಕ್ಕಿಂತ ಹೆಚ್ಚು ಉಸಿರುಗಳಿದ್ದರೆ ಅದು ವೇಗದ ಉಸಿರಾಟ. ಅಂದೇ ವೈದ್ಯರಿಗೆ ತೋರಿಸಬೇಕು. ಉಸಿರೆಳೆದಾಗ ಎದೆಯ ಕೆಳಭಾಗ ಒಳಕ್ಕೆ ಸೆಳೆಯುವುದು, ನರಳುವುದು, ತುಟಿ ನೀಲಿಯಾಗುವುದು, ಹಾಲು ಕುಡಿಯದಿರುವುದು, ಮಂಪರು ಕವಿಯುವುದು ಕಂಡರೆ ಒಂದು ಗಳಿಗೆಯೂ ಕಾಯದೆ 108ಕ್ಕೆ ಕರೆ ಮಾಡಬೇಕು. ಎರಡು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೂ ಮೈ ತಣ್ಣಗಾದರೂ ತಡಮಾಡಲಾಗದು.

ಕೆಲವು ರೂಢಿಗಳನ್ನು ಬಿಡಬೇಕೆಂದು ನಾವು ಕೈಮುಗಿದು ಕೇಳುತ್ತೇವೆ. ಬಾಣಂತಿಯ ಮುಚ್ಚಿದ ಕೋಣೆಯಲ್ಲಿ ಕೂಸಿಗೆ ಸಾಂಬ್ರಾಣಿಯ ಹೊಗೆ ಹಿಡಿಯುವುದು ಎಳೆಯ ಶ್ವಾಸಕೋಶಕ್ಕೆ ಕೇಡು. ಮೂಗಿಗೆ ಬಿಟ್ಟ ಎಣ್ಣೆ ಶ್ವಾಸಕೋಶಕ್ಕಿಳಿದು ಅದೇ ನ್ಯುಮೋನಿಯಾಕ್ಕೆ ಕಾರಣವಾಗಬಹುದು. ಪಕ್ಕೆ ಸೆಳೆಯುವಾಗ ಬರೆ ಹಾಕುವುದರಿಂದ ರೋಗ ಹೋಗದು. ನೋವು ಹೆಚ್ಚುತ್ತದೆ, ಚಿಕಿತ್ಸೆಯ ಹೊತ್ತು ಕಳೆಯುತ್ತದೆ.

ಮೊದಲ ಆರು ತಿಂಗಳು ಎದೆಹಾಲು ಮಾತ್ರ, ಹೊಗೆಯಿಲ್ಲದ ಮನೆ, ಮಗುವನ್ನು ಮುಟ್ಟುವ ಮುನ್ನ ತೊಳೆದ ಕೈ: ಇವೇ ರಕ್ಷೆ. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ದೊರೆಯುವ ಪೆಂಟಾವೇಲೆಂಟ್ ಹಾಗೂ ಪಿಸಿವಿ ಲಸಿಕೆಗಳು ನ್ಯುಮೋನಿಯಾದ ಪ್ರಮುಖ ಕಾರಣಗಳನ್ನು ತಡೆಯುತ್ತವೆ.

ಉಸಿರು ಕಷ್ಟವಾದ ಮಗುವನ್ನು ಮೊದಲು ಆಸ್ಪತ್ರೆಗೆ ಒಯ್ಯಿರಿ. ಗುಣವಾದ ಮೇಲೆ ಶ್ರೀಮಠಕ್ಕೆ ಕರೆತನ್ನಿ. ವಿಭೂತಿ ನಿಮಗಾಗಿ ಕಾದಿರುತ್ತದೆ.